ಉಂಡ ಮನೆಯ ಜಂತೆ

ಕಳೆದ ತಿಂಗಳು ನಮ್ಮ ಸಂಘದ ಓದುಗರ ಕೂಟದಲ್ಲಿ ಇಂಗ್ಲಿಷಿನ ವಿಡಂಬನ ಕಾದಂಬರಿಗಳನ್ನು ಕುರಿತು ಮಾತಾಡುವ ಸರದಿ ನನ್ನದಾಗಿತ್ತು. ಹದಿನೇಳು ಜನ ಬಂದಿದ್ದರು. ಉಪ್ಪಿಟ್ಟು ಮೂವತ್ತು ಜನಕ್ಕಾಗಿತ್ತು. ಹೀಗಾಗಿ ಯಾರೂ ಬೇಗ ಎದ್ದು ಹೋಗಲಿಲ್ಲ. ನಾನು ಆರಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಥಾಮಸ್ ಲವ್ ಪೀಕಾಕನನ್ನು ಮತ್ತು ಅವನಾದ ಮೇಲೆ ನೂರು ವರ್ಷಕ್ಕೆ ಅದೇ ಜಾಡು ಹಿಡಿದ ಆಲ್ಡಸ್ ಹಕ್ಸ್‌ಲಿಯನ್ನು. ಹಳ್ಳಿಗಾಡಿನಲ್ಲೊಂದು ದೊಡ್ಡ ಮಹಲು, ಅದಕ್ಕೊಬ್ಬ ಧಾರಾಳಿ ಯಜಮಾನ, ವಾರಗಟ್ಟಲೆ ಬಂದು ತಳವೂರುವ ವಿಚಿತ್ರ ಅತಿಥಿಗಳು, ಊಟ, ಮದ್ಯ, ಮುಗಿಯದ ಮಾತು. ಈ ಕಾದಂಬರಿಗಳ ಸಾಮಗ್ರಿ ಇಷ್ಟೇ. ನಾನು ಮಾತು ಮುಗಿಸಿ ಕುಳಿತೆನೋ ಇಲ್ಲವೋ, ಹಿರಿಯ ಸದಸ್ಯರೊಬ್ಬರು ಎದ್ದು, "ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮಲ್ಲೊಂದು ಗಾದೆ ಇದೆ. ನೀವು ಇಷ್ಟು ಹೊತ್ತು ಹೊಗಳಿದ ಇಬ್ಬರೂ ಮಾಡಿದ್ದು ಅದನ್ನೇ. ಅದನ್ನು ಸಾಹಿತ್ಯ ಅಂತೀರಾ?" ಎಂದು ಕೇಳಿದರು. ಚಪ್ಪಾಳೆ ಬಿತ್ತು.

ಆ ಚಪ್ಪಾಳೆ ಪೀಕಾಕನಿಗೆ ಸಂಬಂಧಪಟ್ಟದ್ದಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಮ್ಮ ವಾರ್ಷಿಕೋತ್ಸವದ ವೇದಿಕೆಯ ಮೇಲಿನ ಅತಿಥಿ ಮಹಾಶಯರನ್ನು ಕುರಿತು ತರುಣ ಸದಸ್ಯನೊಬ್ಬ ಇದೇ ಪತ್ರಿಕೆಗೆ ಬರೆದುಕೊಟ್ಟ ಹಾಸ್ಯ ಲೇಖನವೊಂದು, ದಾನಿಗಳೊಬ್ಬರ ಮನಸ್ಸು ನೊಂದೀತೆಂಬ ಕಾರಣಕ್ಕೆ, ಅಚ್ಚಾಗದೆ ಉಳಿದಿದೆ. ಅದನ್ನು ತಡೆದಾಗಲೂ ಇದೇ ಗಾದೆಯನ್ನು ಉಪಯೋಗಿಸಿದರೆಂದು ಕೇಳಿದ್ದೇನೆ. ಆದ್ದರಿಂದ ಹಿರಿಯರಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಫ್ಲ್ಯಾಟುಗಳಲ್ಲಿ ಹುಟ್ಟಿದ ನಮ್ಮ ಮಕ್ಕಳಿಗಾಗಿ ಒಂದು ಮಾತು: ಜಂತೆಯೆಂದರೆ ಊರಿನ ಹಳೆಯ ಮನೆಗಳಲ್ಲಿ ಮಾಳಿಗೆಯ ಅಡಿಗೆ ಸಾಲಾಗಿ ಕೂರಿಸಿದ ಮರದ ತೊಲೆ. ಉಂಡು ಅಂಗಾತ ಮಲಗಿದವನ ಕಣ್ಣಿಗೆ ಮೊದಲು ಬೀಳುವುದು ಅದೇ. ಅದನ್ನು ಎಣಿಸುತ್ತ ಮಲಗಿದವನು ಈ ಮನೆಯವರ ಐಶ್ವರ್ಯ ಎಷ್ಟೆಂದು ಲೆಕ್ಕ ಹಾಕುತ್ತಿದ್ದಾನೆಂದು ಅರ್ಥ.

ನನ್ನ ವಾದ ಇಷ್ಟೇ. ಪೀಕಾಕನಾಗಲಿ ಹಕ್ಸ್‌ಲಿಯಾಗಲಿ ಜಂತೆ ಎಣಿಸಿದ್ದು ತಪ್ಪಲ್ಲ. ಅರ್ಧ ಎಣಿಸಿ, ಮಿಕ್ಕ ಅರ್ಧದ ಕಡೆಗೆ ಬೆನ್ನು ತಿರುಗಿಸಿ ಮಲಗಿದ್ದು ತಪ್ಪು. ಅದರಲ್ಲೂ ಪೀಕಾಕನ ತಪ್ಪು ನಮಗೆ, ಕನ್ನಡಿಗರಿಗೆ, ಬಹಳ ಹತ್ತಿರದ್ದು.

ಮೊದಲು ಅವನು ಎಣಿಸಿದ್ದನ್ನು ನೋಡೋಣ. 1816ರ 'ಹೆಡ್‌ಲಾಂಗ್ ಹಾಲ್' ಅವನ ಮೊದಲ ಕಾದಂಬರಿ. ವೇಲ್ಸಿನ ಬೆಟ್ಟಗಳ ನಡುವಿನ ಜಮೀನ್ದಾರನೊಬ್ಬನಿಗೆ ನಾಯಿ, ಕುದುರೆ, ಬೇಟೆಗಳ ಜೊತೆಗೆ ಪುಸ್ತಕದ ಹುಚ್ಚೂ ಹತ್ತುತ್ತದೆ. ತನ್ನ ಮನೆಯಲ್ಲೂ ನಾಲ್ಕು ಜನ ತತ್ತ್ವಜ್ಞಾನಿಗಳಿರಲಿ ಎಂದು ಹುಡುಕಿಕೊಂಡು ಆಕ್ಸ್‌ಫರ್ಡಿಗೆ ಹೋಗುತ್ತಾನೆ. ಅಂಥ ವಸ್ತು ಈ ವಿಶ್ವವಿದ್ಯಾಲಯದಲ್ಲಿ ಸಿಗುವುದಿಲ್ಲವೆಂದು ಅಲ್ಲಿಯ ಪಂಡಿತನೊಬ್ಬ ಖಾತ್ರಿಪಡಿಸಿದ ಮೇಲೆ ಲಂಡನ್ನಿಗೆ ಹೋಗಿ ಅಲ್ಲಿಂದ ಒಂದು ಹಿಂಡನ್ನು ಆಮಂತ್ರಿಸುತ್ತಾನೆ. ಜಗತ್ತು ದಿನೇ ದಿನೇ ಸುಧಾರಿಸುತ್ತಿದೆ ಎನ್ನುವವನೊಬ್ಬ, ದಿನೇ ದಿನೇ ಕೆಡುತ್ತಿದೆ ಎನ್ನುವವನೊಬ್ಬ, ಇದ್ದ ಹಾಗೇ ಇದೆ ಎನ್ನುವವನೊಬ್ಬ. ಇವರ ಜೊತೆಗೆ, ಟರ್ಕಿ ಕೋಳಿಯ ಹೊಟ್ಟೆಯೊಳಗೆ ಮಸಾಲೆ ತುಂಬುವ ಕಲೆಯ ಮೇಲೆ ಪ್ರಬಂಧ ಬರೆದು ಯಜಮಾನನ ಕೃಪೆಗೆ ಪಾತ್ರನಾದ ಪಾದ್ರಿ. ಈ ಪಾದ್ರಿಯ ಹೆಸರು ಡಾಕ್ಟರ್ ಗ್ಯಾಸ್ಟರ್, ಅಂದರೆ ಹೊಟ್ಟೆ. ಆಮೇಲೆ ಬರುತ್ತಾನೆ ತೋಟಗಳ ಅಂದ ತಿದ್ದುವ ಮೈಲ್‌ಸ್ಟೋನ್. ಅವನ ಮಾತು ಕೇಳಿ ಬಂಡೆಗೆ ಸಿಡಿಮದ್ದು ಇಟ್ಟಾಗ, ಗೋಪುರದ ಮೇಲೆ ನಿಂತಿದ್ದ ತಲೆಬುರುಡೆ ಶಾಸ್ತ್ರದ ಪಂಡಿತ ಬೆಚ್ಚಿ ನೆಗೆದು ಉರುಳಿ ನೀರಿಗೆ ಬೀಳುತ್ತಾನೆ. ಅವನನ್ನು ಹಾರಿ ಎತ್ತುವವನು ಯಾರು? ಜಗತ್ತು ಕೆಟ್ಟುಹೋಯಿತು ಎನ್ನುತ್ತಿದ್ದವನೇ. ಸುಧಾರಣೆಯವನು ದಡದಲ್ಲಿದ್ದ!

ಈ ಕಾದಂಬರಿಗಳಲ್ಲಿ ಕಥೆ ಎಂಬುದು ಹೆಚ್ಚು ಕಡಿಮೆ ಇಲ್ಲ. ಮೇಜಿನ ಸುತ್ತ ಕುಳಿತವರು ನಾಟಕದ ಪಾತ್ರಗಳ ಹಾಗೆ ಮಾತಾಡುತ್ತ ಹೋಗುತ್ತಾರೆ. ಪ್ರತಿಯೊಬ್ಬನಿಗೂ ಒಂದೊಂದು ಗೀಳು. ಎದುರಿನವನ ಮಾತು ಕಿವಿಗೆ ಬೀಳುವುದಿಲ್ಲ. ಸೀಸೆ ಮಾತ್ರ ಸುತ್ತು ಬರುತ್ತಿರುತ್ತದೆ. ನಮ್ಮ ಕಾರ್ಯಕಾರಿ ಸಮಿತಿಯ ಸಭೆಗಳನ್ನು ಕಂಡವರಿಗೆ ಇದೇನೂ ಅಪರಿಚಿತವಲ್ಲ, ಸೀಸೆಯೊಂದನ್ನು ಬಿಟ್ಟರೆ.

ಇನ್ನು 'ಉಂಡ ಮನೆ'ಯ ಆರೋಪ. 1818ರ 'ನೈಟ್‌ಮೇರ್ ಅಬ್ಬಿ'ಯಲ್ಲಿ ಪೀಕಾಕ್ ತನ್ನ ಪ್ರಾಣಸ್ನೇಹಿತನಾದ ಕವಿ ಶೆಲ್ಲಿಯನ್ನೇ ಸ್ಕೈಥ್ರಾಪ್ ಎಂಬ ಹೆಸರಿನಲ್ಲಿ ತಂದು ಕೂರಿಸಿದ. ಈ ಸ್ಕೈಥ್ರಾಪ್ ಲೋಕವನ್ನು ಉದ್ಧಾರ ಮಾಡಲು ಹೊರಟವನು. ಇಬ್ಬರು ಹುಡುಗಿಯರನ್ನು ಏಕಕಾಲಕ್ಕೆ ಪ್ರೀತಿಸಿ ಇಬ್ಬರನ್ನೂ ಕಳೆದುಕೊಳ್ಳುವವನು. ಶೆಲ್ಲಿ ಆಗತಾನೇ ಮೊದಲ ಹೆಂಡತಿಯನ್ನು ಬಿಟ್ಟು, ಆಕೆ ನೀರಿಗೆ ಬಿದ್ದು ಸತ್ತು, ಎರಡನೆಯ ಮದುವೆಯಾಗಿ ಊರೆಲ್ಲರ ಬಾಯಿಗೆ ಬಿದ್ದಿದ್ದ ಕಾಲ ಅದು. ಗಾಯದ ಮೇಲೆ ಉಪ್ಪು ಎಂದರೆ ಇದೇ. ಶೆಲ್ಲಿ ಮಾಡಿದ್ದೇನು? ಕಾದಂಬರಿಯನ್ನು ಮೆಚ್ಚಿಕೊಂಡ. ಮರುವರ್ಷ ಇಟಲಿಯಲ್ಲಿ ತಾನಿದ್ದ ಮನೆಯ ಮೇಲಂತಸ್ತಿನ ಬರವಣಿಗೆಯ ಕೋಣೆಯನ್ನು ಸ್ಕೈಥ್ರಾಪನ ಗೋಪುರವೆಂದೇ ಕರೆದ. ಗೇಲಿಗೆ ಒಳಗಾದವನೇ ನಕ್ಕಮೇಲೆ ಅವನ ಪರವಾಗಿ ನೊಂದುಕೊಳ್ಳಲು ನಾವು ಯಾರು?

ಹಿರಿಯರ ಮಾತಿಗೆ ನಿಜವಾದ ಬಲ ಸಿಗುವುದು ಹಕ್ಸ್‌ಲಿಯ ಪ್ರಕರಣದಲ್ಲಿ. ಅದನ್ನು ಮುಚ್ಚಿಡುವುದಿಲ್ಲ. ಆಕ್ಸ್‌ಫರ್ಡಿನ ಹತ್ತಿರ ಗಾರ್ಸಿಂಗ್ಟನ್ ಎಂಬಲ್ಲಿ ಲೇಡಿ ಆಟೊಲಿನ್ ಮಾರೆಲ್ ಎಂಬಾಕೆಯ ಮಹಲು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಯುದ್ಧಕ್ಕೆ ಹೋಗಲಾರೆವೆಂದು ನಿಂತ ಲೇಖಕರಿಗೂ ಕಲಾವಿದರಿಗೂ ಆಕೆ ಮತ್ತು ಆಕೆಯ ಗಂಡ ಅಲ್ಲಿ ಆಶ್ರಯ ಕೊಟ್ಟರು. ಜಮೀನಿನ ಕೆಲಸದ ಹೆಸರಿನಲ್ಲಿ ಸರಕಾರದ ಕಣ್ಣಿನಿಂದ ಉಳಿಸಿದರು. ಕಣ್ಣಿನ ದೋಷದಿಂದ ಸೈನ್ಯಕ್ಕೆ ಸೇರಲಾಗದ ಹಕ್ಸ್‌ಲಿ 1916ರಲ್ಲಿ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದ. ಬೆಲ್ಜಿಯಮಿನಿಂದ ಓಡಿಬಂದು ಅದೇ ಮನೆಯ ಆಸರೆಯಲ್ಲಿದ್ದ ಮರಿಯಾ ಎಂಬ ಹುಡುಗಿಯನ್ನು ಅಲ್ಲೇ ಕಂಡು 1919ರಲ್ಲಿ ಮದುವೆಯಾದ. ಊಟ ಮಾತ್ರವಲ್ಲ, ಹೆಂಡತಿಯೂ ಆ ಮನೆಯಿಂದಲೇ ಸಿಕ್ಕವಳು. 1921ರಲ್ಲಿ 'ಕ್ರೋಮ್ ಯೆಲ್ಲೋ' ಹೊರಬಂತು. ಅದರಲ್ಲಿ ಮಹಲಿನ ಒಡತಿ ಜೂಜಾಡಿ ದುಡ್ಡು ಕಳೆದು, ಈಗ ಪಂದ್ಯದ ಕುದುರೆಗಳಿಗೂ ಕಾಲ್ಚೆಂಡಿನ ಆಟಗಾರರಿಗೂ ಜಾತಕ ಬರೆಯುತ್ತ ಕುಳಿತಿದ್ದಾಳೆ. ಯಜಮಾನ ತನ್ನ ಮನೆಯ ಇತಿಹಾಸವನ್ನು ಬರೆದು ಅತಿಥಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾನೆ, ಅತಿಥಿಗಳು ತಪ್ಪಿಸಿಕೊಳ್ಳುವಂತಿಲ್ಲ. ಲೇಡಿ ಆಟೊಲಿನ್ ತೀರ ನೊಂದಳು. ಅದಕ್ಕೂ ಮೊದಲೇ ಡಿ. ಎಚ್. ಲಾರೆನ್ಸ್ ತನ್ನ 'ವಿಮೆನ್ ಇನ್ ಲವ್'ನಲ್ಲಿ ಆಕೆಯನ್ನು ಇನ್ನೂ ಕ್ರೂರವಾಗಿ ಚಿತ್ರಿಸಿದ್ದ. ಒಂದೇ ಮನೆಯ ಅನ್ನ ಉಂಡ ಇಬ್ಬರು, ಒಂದೆರಡು ವರ್ಷಗಳ ಅಂತರದಲ್ಲಿ.

ಆ ತಾಯಿಯ ನೋವು ನಿಜ. ಅವಳ ಜಾಗದಲ್ಲಿ ನಾನಿದ್ದರೆ ನನಗೂ ನಿದ್ದೆ ಬರುತ್ತಿರಲಿಲ್ಲ. ಆದರೆ ಪುಸ್ತಕವನ್ನು ಕೊನೆಯವರೆಗೆ ಓದಿದವರಿಗೆ ಇನ್ನೊಂದು ಸಂಗತಿ ತಿಳಿದಿರುತ್ತದೆ. ಅಲ್ಲಿ ಕಿವಿ ಮಂದವಾದ ಜೆನ್ನಿ ಎಂಬ ಹೆಣ್ಣುಮಗಳೊಬ್ಬಳಿದ್ದಾಳೆ. ಯಾರ ಹರಟೆಗೂ ಸೇರದೆ ಮೂಲೆಯಲ್ಲಿ ಕುಳಿತು ಕೆಂಪು ಪುಸ್ತಕವೊಂದರಲ್ಲಿ ಏನೋ ಗೀಚುತ್ತಿರುತ್ತಾಳೆ. ಡೆನಿಸ್ ಎಂಬ ತರುಣ ಕವಿ ಒಂದು ದಿನ ಅದನ್ನು ಕದ್ದು ತೆರೆದು ನೋಡುತ್ತಾನೆ. ಒಳಗೆ ಅವನದೇ ವ್ಯಂಗ್ಯಚಿತ್ರ! ತಾನು ಎಲ್ಲರನ್ನೂ ನೋಡುತ್ತಿದ್ದೇನೆಂದು ಬೀಗುತ್ತಿದ್ದವನನ್ನು ಇನ್ನೊಬ್ಬರು ನೋಡುತ್ತಿದ್ದರು. ಈ ಡೆನಿಸನಲ್ಲಿ ಹಕ್ಸ್‌ಲಿಯದೇ ಮುಖದ ಗುರುತುಗಳಿವೆ. ಮನೆಯವರ ಜಂತೆ ಎಣಿಸಿದವನು ತನ್ನ ಪಕ್ಕೆಲುಬನ್ನೂ ಎಣಿಸಿಕೊಂಡಿದ್ದಾನೆ. ಇದನ್ನು ನಾನು ದ್ರೋಹವೆನ್ನಲಾರೆ. ಅವನ ಬರಹ ಬರದೇ ಹೋಗಿದ್ದರೆ ಆಟೊಲಿನ್ನಳಿಗೆ ಒಂದು ದುಃಖ ಕಡಿಮೆಯಾಗುತ್ತಿತ್ತು, ಸರಿ. ಯುದ್ಧ ಮುಗಿದ ಮೇಲೆ ನಂಬಿಕೆ ಕಳೆದುಕೊಂಡು ಮಾತಿನಲ್ಲೇ ದಿನ ಕಳೆದ ಒಂದು ತಲೆಮಾರಿನ ಚಿತ್ರವೂ ಇಲ್ಲವಾಗುತ್ತಿತ್ತು.

ಇಷ್ಟು ಹೇಳಿ ನಾನೀಗ ಪಕ್ಷ ಬದಲಾಯಿಸುತ್ತೇನೆ. ಈ ಮಹಲುಗಳಲ್ಲಿ ಊಟ ಬಡಿಸಿದವರು ಯಾರು? ಬೇಯಿಸಿದವರು ಯಾರು? ದುಡ್ಡು ಎಲ್ಲಿಂದ ಬಂತು?

ಪೀಕಾಕನ ಕಾದಂಬರಿಗಳಲ್ಲಿ ಆಳುಗಳು ಇಲ್ಲವೆಂದಲ್ಲ. ನಗೆಗೆ ಬೇಕಾದಷ್ಟು ಇದ್ದಾರೆ. 'ನೈಟ್‌ಮೇರ್ ಅಬ್ಬಿ'ಯ ಯಜಮಾನ ಜೋಲುಮುಖ ಇಲ್ಲವೇ ಅಪಶಕುನದ ಹೆಸರು ಇದ್ದವರನ್ನು ಮಾತ್ರ ಕೆಲಸಕ್ಕಿಟ್ಟುಕೊಳ್ಳುತ್ತಾನೆ. ಡೆತ್ಸ್‌ಹೆಡ್ ಎಂಬ ಹೆಸರು ಕೇಳಿ ಹಿಗ್ಗಿ ಒಬ್ಬನನ್ನು ಗೊತ್ತುಮಾಡಿದರೆ, ಬಂದವನು ಗುಂಡು ಕೆನ್ನೆಯ, ಸದಾ ನಗುವ ಆಸಾಮಿ. ಅವನನ್ನು ಕೂಡಲೇ ಹೊರಗೆ ಹಾಕಿದರು. ಅಷ್ಟರಲ್ಲಿ ಮನೆಯ ದಾಸಿಯರೆಲ್ಲ ಅವನಿಗೆ ಸೋತಿದ್ದರು. ಅದೇ ಕಾದಂಬರಿಯಲ್ಲಿ ಲಿಸ್ಟ್‌ಲೆಸ್ ಎಂಬ ಸೋಮಾರಿ ಶ್ರೀಮಂತನೊಬ್ಬ, ತಾನು ಎಂದಾದರೂ ದೆವ್ವ ನೋಡಿದ್ದುಂಟೇ ಎಂಬುದನ್ನೂ ತನ್ನ ಸೇವಕನನ್ನು ಕೇಳಿ ತಿಳಿದುಕೊಳ್ಳುತ್ತಾನೆ. ನೆನಪಿಟ್ಟುಕೊಳ್ಳುವ ಕಷ್ಟವೂ ಆಳಿನದೇ! ಇದು ಒಳ್ಳೆಯ ವಿಡಂಬನೆ; ಇಲ್ಲಿ ಏಟು ಬಿದ್ದದ್ದು ಮೇಲಿನವನಿಗೆ.

ಆದರೆ 1831ರ 'ಕ್ರಾಚೆಟ್ ಕ್ಯಾಸಲ್' ನೋಡಿ. ಅದರ ನಾಯಕಪ್ರಾಯನಾದ ಪಾದ್ರಿ ಡಾಕ್ಟರ್ ಫೋಲಿಯಟ್ ಒಂದು ದೂರು ಹೊತ್ತುಕೊಂಡೇ ಪ್ರವೇಶಿಸುತ್ತಾನೆ. ಏನದು? ಅವನ ಅಡುಗೆಯವಳು ರಾತ್ರಿ ಹಾಸಿಗೆಯಲ್ಲಿ ಮೇಣದ ಬತ್ತಿ ಹಚ್ಚಿಕೊಂಡು, ಜಲದ ಒತ್ತಡದ ಶಾಸ್ತ್ರವನ್ನು ಕುರಿತ ಆರು ಪೆನ್ಸಿನ ಪುಸ್ತಕ ಓದುತ್ತ ನಿದ್ದೆ ಹೋದಳು. ಪರದೆಗೆ ಬೆಂಕಿ ಹತ್ತಿ ಮನೆ ಸುಡುವುದರಲ್ಲಿತ್ತು. ಜನಸಾಮಾನ್ಯರಿಗೆ ಅಗ್ಗದ ಪುಸ್ತಕಗಳ ಮೂಲಕ ವಿಜ್ಞಾನ ಹಂಚಲು ಆಗ ಲಂಡನ್ನಿನಲ್ಲಿ ಒಂದು ಸಂಸ್ಥೆ ಹೊರಟಿತ್ತು. ಅದರ ಮೇಲೆ ಪೀಕಾಕನ ಗೇಲಿ ಇದು. ನಾನು ಮೊದಲ ಸಲ ಓದಿದಾಗ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಈಚೆಗೆ ಇನ್ನೊಮ್ಮೆ ಓದಿದೆ. ನಗು ಗಂಟಲಲ್ಲೇ ನಿಂತಿತು.

ಯಾಕೆ ನಿಂತಿತೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕೇ? ನಮ್ಮಲ್ಲಿ ಎಷ್ಟು ಮನೆಗಳ ಹಿರಿಯರು ಊರಿನಿಂದ ಹತ್ತು ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು! ದೀಪ ಹಚ್ಚಿಕೊಂಡು ನಿದ್ದೆಗಣ್ಣಿನಲ್ಲಿ ಓದುವ ಅಡುಗೆಯವಳು ಪೀಕಾಕನಿಗೆ ತಮಾಷೆ. ನಮಗೆ ಅವಳು ಅಜ್ಜಿಯೋ ಅಪ್ಪನೋ ಆಗಬೇಕು. ಪಾದ್ರಿ ರಾತ್ರಿಯೆಲ್ಲ ಗ್ರೀಕ್ ಓದಿದರೆ ಪಾಂಡಿತ್ಯ, ಅವನ ಅಡುಗೆಯವಳು ಆರು ಪೆನ್ಸಿನ ಪುಸ್ತಕ ಓದಿದರೆ ಅಗ್ನಿ ಅನಾಹುತ. ತಮ್ಮ ತಮ್ಮ ಗೀಳಿಗೆ ಬಿದ್ದ ಅತಿಥಿಗಳನ್ನೆಲ್ಲ ಮಮತೆಯಿಂದ ನೋಡಿ ನಕ್ಕ ಈ ಮನುಷ್ಯ, ಅಡುಗೆಮನೆಯ ಗೀಳಿನ ಎದುರಿಗೆ ಬಂದಾಗ ಮಾತ್ರ ಹುಬ್ಬು ಗಂಟಿಕ್ಕಿದ.

ಅದೇ ಕಾದಂಬರಿಯ ಕೊನೆಯಲ್ಲಿ ಇನ್ನೂ ದೊಡ್ಡ ಘಟನೆಯೊಂದಿದೆ. ಹನ್ನೆರಡನೆಯ ಶತಮಾನವೇ ಸತ್ಯಯುಗವೆಂದು ನಂಬಿದ ಚೈನ್‌ಮೇಲ್ ಎಂಬವನ ಮನೆಯಲ್ಲಿ ಕ್ರಿಸ್ಮಸ್ ಔತಣ. ಬಾಗಿಲಲ್ಲಿ ಗದ್ದಲ. ಹೊಟ್ಟೆಗಿಲ್ಲದ ಕೂಲಿಗಳ ಗುಂಪು ಆಯುಧ ಕೊಡಿ ಎಂದು ಕೂಗುತ್ತಿದೆ. ಅತಿಥಿಗಳು ಗೋಡೆಯ ಮೇಲೆ ಅಲಂಕಾರಕ್ಕೆ ತೂಗುಹಾಕಿದ್ದ ಹಳೆಯ ಭರ್ಜಿ ಕತ್ತಿಗಳನ್ನು ಇಳಿಸಿಕೊಂಡು, ಪಾದ್ರಿಯ ಮುಂದಾಳುತನದಲ್ಲಿ ಹೊರಗೆ ನುಗ್ಗಿ, ಅವರನ್ನು ಅಟ್ಟಿ, ಮರಳಿ ಬಂದು ಊಟಕ್ಕೆ ಕುಳಿತುಕೊಳ್ಳುತ್ತಾರೆ. ಜನರನ್ನು ದಯೆಯಿಂದ ನಡೆಸಿಕೊಂಡರೆ ಅವರು ಏಳುವುದಿಲ್ಲವೆಂದು ಚೈನ್‌ಮೇಲ್ ಒಂದು ಮಾತು ಅನ್ನುತ್ತಾನೆ. ರೋಗ ಬಾರದಂತೆ ತಡೆಯಲು ಅದು ಸರಿ, ಬಂದಮೇಲೆ ಖಾರದ ಔಷಧಿಯೇ ಬೇಕು ಎಂಬರ್ಥದಲ್ಲಿ ಪಾದ್ರಿ ಉತ್ತರ ಕೊಡುತ್ತಾನೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಇದು ಕವಿಕಲ್ಪನೆಯಲ್ಲ. 1830ರಲ್ಲಿ ಇಂಗ್ಲೆಂಡಿನ ದಕ್ಷಿಣ ಹಾಗೂ ಪೂರ್ವ ಜಿಲ್ಲೆಗಳ ಬೇಸಾಯದ ಕೂಲಿಗಳು, ತಮ್ಮ ಚಳಿಗಾಲದ ಅನ್ನ ಕಸಿದ ಒಕ್ಕಣೆಯ ಯಂತ್ರಗಳನ್ನು ಒಡೆದು, ಬಣವೆಗಳಿಗೆ ಬೆಂಕಿಯಿಟ್ಟರು. ಕ್ಯಾಪ್ಟನ್ ಸ್ವಿಂಗ್ ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಜಮೀನ್ದಾರರಿಗೆ ಬೆದರಿಕೆಯ ಕಾಗದಗಳು ಹೋದವು. ದಂಗೆ ಅಡಗಿದ ಮೇಲೆ 19 ಜನರನ್ನು ಗಲ್ಲಿಗೇರಿಸಿದರು. ಸುಮಾರು 480 ಜನರನ್ನು ಹಡಗಿಗೆ ತುಂಬಿ ಆಸ್ಟ್ರೇಲಿಯಕ್ಕೆ ಸಾಗಿಸಿದರು. ಕಾದಂಬರಿ ಹೊರಬಂದ ವರ್ಷವೇ ಆ ಹಡಗುಗಳು ಹೊರಟದ್ದು. ಮಹಲಿನ ಕಥೆಯಲ್ಲಿ ಹಸಿದವರು ಬಾಗಿಲು ತಟ್ಟಿದ್ದು ಅದೊಂದೇ ಸಲ. ಆ ಒಂದು ಸಲವೂ ಅದು ನಮಗೆ ಊಟದ ನಡುವಿನ ಪ್ರಹಸನವಾಗಿಯೇ ಬರುತ್ತದೆ.

ವುಡ್‌ಹೌಸನನ್ನು ಎಲ್ಲಿ ಬಿಟ್ಟಿರಿ ಎಂದು ಕೇಳುವವರಿದ್ದಾರೆ. ನಮ್ಮ ಸಂಘದಲ್ಲಿ ವುಡ್‌ಹೌಸ್ ಭಕ್ತರಿಗೇನೂ ಬರವಿಲ್ಲ. ಆ ಹಿರಿಯರೂ ಅವರಲ್ಲೊಬ್ಬರು. ಅವನಿಗೆ ನಾನು ಒಂದು ಅಂಕ ಹೆಚ್ಚೇ ಕೊಡುತ್ತೇನೆ. ಬ್ಲಾಂಡಿಂಗ್ಸ್ ಮಹಲಿನ ಮೊದಲ ಕಾದಂಬರಿಯಾದ 1915ರ 'ಸಮ್‌ಥಿಂಗ್ ಫ್ರೆಶ್'ನಲ್ಲಿ ಅವನು ನಾಯಕ ನಾಯಕಿಯರಿಬ್ಬರನ್ನೂ ಆಳುಗಳ ವೇಷದಲ್ಲಿ ಕೆಳಗಿನ ಅಂತಸ್ತಿಗೇ ಕಳಿಸಿಬಿಟ್ಟ. ಅಲ್ಲಿ ಯಾರು ಯಾರ ಹಿಂದೆ ಊಟಕ್ಕೆ ನಡೆಯಬೇಕೆಂಬ ಮಡಿವಂತಿಕೆ ಮೇಲಿನವರಿಗಿಂತ ಕಠಿಣವೆಂದು ತೋರಿಸಿದ. ತಾನು ಹಗುರ ಎಂದು ತಾನೇ ಒಪ್ಪಿಕೊಂಡ ಲೇಖಕ, ಜ್ಞಾನಿಯೆನಿಸಿಕೊಂಡ ಪೀಕಾಕ್ ಇಳಿಯದ ಮೆಟ್ಟಿಲನ್ನು ಇಳಿದ.

ಈಗ ದುಡ್ಡಿನ ಪ್ರಶ್ನೆ. ಇಲ್ಲಿಂದ ಮುಂದೆ ಕಥೆ ನಮ್ಮ ಶ್ರೀರಂಗಪಟ್ಟಣದ ದಾರಿ ಹಿಡಿಯುತ್ತದೆ.

ಪೀಕಾಕ್ 1819ರಲ್ಲಿ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗೆ ಸೇರಿದ. 1856ರಲ್ಲಿ ನಿವೃತ್ತನಾದ. 37 ವರ್ಷ! ಜೇಮ್ಸ್ ಮಿಲ್ 1836ರಲ್ಲಿ ತೀರಿಕೊಂಡಾಗ ಅವನ ಜಾಗಕ್ಕೆ, ಅಂದರೆ ಭಾರತದ ಆಡಳಿತದ ಪತ್ರವ್ಯವಹಾರವನ್ನೆಲ್ಲ ಪರಿಶೀಲಿಸುವ ಮುಖ್ಯಾಧಿಕಾರದ ಜಾಗಕ್ಕೆ, ಏರಿದವನು ಪೀಕಾಕ್. ಅವನ ತರುವಾಯ ಅಲ್ಲಿ ಕೂತವನು ಮಿಲ್‌ನ ಮಗ ಜಾನ್ ಸ್ಟೂವರ್ಟ್ ಮಿಲ್. ಈ ಮೂವರೂ ಭಾರತದ ನೆಲ ಮೆಟ್ಟಿದವರಲ್ಲ. ಕಾಗದದಲ್ಲೇ ನಮ್ಮನ್ನು ಆಳಿದರು.

ಆ ಕಟ್ಟಡದಲ್ಲೇ ಇನ್ನೊಂದು ವಸ್ತುವಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಹೊತ್ತೊಯ್ದ ಮರದ ಹುಲಿ. ಕೆಳಗೆ ಬಿದ್ದ ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿದ ಆ ಹುಲಿಯ ಪಕ್ಕದ ಹಿಡಿಕೆ ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಕೇಳುತ್ತಿದ್ದವು. 1808ರಿಂದ ಅದನ್ನು ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದಲು ಕುಳಿತವರಿಗೆ ತಲೆಚಿಟ್ಟು ಹಿಡಿಸುತ್ತಿದ್ದರಂತೆ. ಆ ಹುಲಿ ಈಗ ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಮಿನಲ್ಲಿದೆ. ಪೀಕಾಕ್ ಕಚೇರಿಗೆ ಸೇರಿದ ವರ್ಷವೇ ಕವಿ ಕೀಟ್ಸ್ ತನ್ನ ಕವನವೊಂದರಲ್ಲಿ ಈ ಆಟಿಕೆಯನ್ನು ತಂದ. ಒಂದೇ ಸೂರಿನಡಿ ಮೂವತ್ತೇಳು ವರ್ಷ ಕಳೆದ ಪೀಕಾಕನಿಗೆ, ಮೇಜಿನ ಸುತ್ತಲಿನ ಪ್ರತಿಯೊಂದು ಹುಚ್ಚನ್ನೂ ಹಿಡಿದು ಪಾತ್ರ ಮಾಡಿದ ಈ ಜಾಣನಿಗೆ, ಹುಲಿಯ ದನಿ ಒಂದು ಪುಟಕ್ಕೂ ಬೇಕಾಗಲಿಲ್ಲ.

ಹೆಡ್‌ಲಾಂಗ್ ಮಹಲು ಇರುವ ಅದೇ ವೇಲ್ಸ್ ಸೀಮೆಯಲ್ಲಿ ಪೊವಿಸ್ ಎಂಬ ನಿಜವಾದ ಕೋಟೆಮನೆಯೊಂದಿದೆ. ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಸೇರಿದ್ದು. ಟಿಪ್ಪುವಿನ ಹೂಬಳ್ಳಿಯ ಚೀಟಿನ ಡೇರೆ ಅಲ್ಲಿದೆ. ಅವನ ಸಿಂಹಾಸನದಿಂದ ಕಿತ್ತ ಚಿನ್ನದ ಹುಲಿತಲೆಯೊಂದೂ ಅಲ್ಲಿದೆ. ಆ ಡೇರೆಯನ್ನು ಮುಂದೆ ತೋಟದ ಔತಣಗಳಿಗೆ ಚಪ್ಪರವಾಗಿ ಕಟ್ಟುತ್ತಿದ್ದರು. ಮಹಲು, ತೋಟ, ಅತಿಥಿಗಳು, ಹರಟೆ, ಮೇಲೆ ಮೈಸೂರಿನ ಸುಲ್ತಾನನ ಡೇರೆ. ಇಂಥ ದೃಶ್ಯ ವಿಡಂಬನಕಾರನ ಕೈಗೆ ಸಿಕ್ಕರೆ ಬಿಡುತ್ತಾನೆಯೇ? ಬಿಟ್ಟರು. ಕಂಪನಿಯ ದುಡ್ಡಿನಿಂದ ಎದ್ದ ಮಹಲುಗಳು ಇಂಗ್ಲೆಂಡಿನಲ್ಲಿ ಒಂದೆರಡಲ್ಲ. ಗ್ಲಾಸ್ಟರ್‌ಷೈರಿನ ಸೆಜಿನ್‌ಕೋಟ್ ಎಂಬ ಮನೆಗೆ ಮೊಗಲರ ಮಾದರಿಯ ಗುಮ್ಮಟವೇ ಇದೆ. ಪೀಕಾಕನ ಊಟದ ಮೇಜಿನಲ್ಲಿ ಅರ್ಥಶಾಸ್ತ್ರಜ್ಞನಿದ್ದಾನೆ, ಜೊಂಡುನೀರಿನಿಂದ ಜ್ವರ ಬರುತ್ತದೆಂದು ಹೆದರುವವನಿದ್ದಾನೆ, ಮತ್ಸ್ಯಕನ್ಯೆಯನ್ನು ಹುಡುಕುವವನೂ ಇದ್ದಾನೆ. ಕಂಪನಿಯ ಮನುಷ್ಯನಿಗೆ ಮಾತ್ರ ಕುರ್ಚಿಯಿಲ್ಲ. 1860ರಲ್ಲಿ ಬರೆದ ಕೊನೆಯ ಕಾದಂಬರಿಯಲ್ಲಿ ಮೀನಿನ ಬಗ್ಗೆ ಭಾಷಣ ಮಾಡುವ ಲಾರ್ಡ್ ಕರಿಫಿನ್ ಎಂಬವನು ಬರುತ್ತಾನೆ. ನಮ್ಮ ಪಾಲಿಗೆ ಬಂದದ್ದು ಆ ಹೆಸರಿನ ಕರಿಯೊಂದೇ.

ಕಾದಂಬರಿಕಾರ ಆಡಿಟರನೇ, ಪ್ರತಿಯೊಂದು ಬಾಬಿನ ಲೆಕ್ಕವನ್ನೂ ಅವನು ಕೊಡಬೇಕೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಮನುಷ್ಯ ಒಂದು ಕಾಲಕ್ಕೆ ತಾನಾಗಿಯೇ ಲೆಕ್ಕ ಕೇಳಿದ್ದ. ನೌಕರಿಗೆ ಎರಡು ವರ್ಷ ಮೊದಲು, 1817ರಲ್ಲಿ, ಅವನು 'ಮೆಲಿನ್‌ಕೋರ್ಟ್' ಬರೆದ. ಒಂದು ಒರಾಂಗುಟಾನ್ ವಾನರನಿಗೆ ಕೋಟು ತೊಡಿಸಿ, ಸರ್ ಪದವಿ ಕೊಡಿಸಿ, ಒಬ್ಬನೇ ಮತದಾರನಿರುವ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿ ಕಳಿಸುವ ಅಮೋಘ ಪುಸ್ತಕ. ಅದರಲ್ಲಿ ಫಾರೆಸ್ಟರ್ ಎಂಬ ಯಜಮಾನ ತನ್ನ ಮನೆಯಲ್ಲಿ ಸಕ್ಕರೆಯನ್ನೇ ಬಳಸುವುದಿಲ್ಲ. ವೆಸ್ಟ್ ಇಂಡೀಸಿನ ಗುಲಾಮರ ಬೆನ್ನಿನ ಮೇಲೆ ಬೆಳೆದ ಸಕ್ಕರೆ ತನ್ನ ಮೇಜಿಗೆ ಬೇಡವೆಂದು ಪಣತೊಟ್ಟು, ಅತಿಥಿಗಳನ್ನು ಕರೆದು ಸಕ್ಕರೆಯಿಲ್ಲದ ಔತಣ ಏರ್ಪಡಿಸಿ, ಅವರಿಂದಲೂ ಆ ಪಣ ತೊಡಿಸಲು ಹೆಣಗುತ್ತಾನೆ. ನೋಡಿ, ಬಟ್ಟಲಿನೊಳಗಿನ ವಸ್ತು ಎಲ್ಲಿಂದ ಬಂತು, ಯಾರ ಬೆವರಿನಿಂದ ಬಂತು ಎಂದು ಮಹಲಿನ ಊಟದ ಮಧ್ಯದಲ್ಲೇ ಎದ್ದುನಿಂತು ಕೇಳುವ ಧೈರ್ಯ ಪೀಕಾಕನಿಗಿತ್ತು. ಕಲೆ ಕೆಡುತ್ತದೆಂಬ ನೆಪ ಆಗ ಅಡ್ಡ ಬರಲಿಲ್ಲ.

ಸಕ್ಕರೆಯ ಪ್ರಶ್ನೆ ಎತ್ತಿದ ಇದೇ ಪೀಕಾಕ್ 1836ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೋಗಿ ನಿಂತ. ಯಾವ ವಿಷಯಕ್ಕೆ ಗೊತ್ತೇ? ಉಪ್ಪಿಗೆ. ಭಾರತದಲ್ಲಿ ಉಪ್ಪಿನ ಮೇಲೆ ಕಂಪನಿ ಇಟ್ಟುಕೊಂಡಿದ್ದ ಏಕಸ್ವಾಮ್ಯವನ್ನು ಮುರಿದು ತಮ್ಮ ಉಪ್ಪನ್ನು ಅಲ್ಲಿ ಮಾರಬೇಕೆಂದು ಲಿವರ್‌ಪೂಲಿನ ವರ್ತಕರೂ ಚೆಷೈರಿನ ಉಪ್ಪು ತಯಾರಕರೂ ಹೊರಟಿದ್ದರು. ಕಂಪನಿಯ ಪರವಾಗಿ ಸಾಕ್ಷ್ಯ ನುಡಿದು ಅವರನ್ನು ಹಿಮ್ಮೆಟ್ಟಿಸಿದ ಕೀರ್ತಿ ಪೀಕಾಕನದು. ಎರಡೂ ಕಡೆಯವರು ನಮ್ಮ ಹಿತಚಿಂತಕರೇನಲ್ಲ, ಒಪ್ಪಿದೆ. ಒಬ್ಬ ತೋಳ, ಇನ್ನೊಬ್ಬ ನರಿ. ಆದರೆ ಆ ಏಕಸ್ವಾಮ್ಯವೆಂದರೆ, ಸಮುದ್ರದ ದಂಡೆಯಲ್ಲಿರುವವನು ಸಮುದ್ರದಿಂದ ಬರುವ ಉಪ್ಪನ್ನು ತನ್ನ ಗಂಜಿಗಾಗಿ ತಾನೇ ಮಾಡಿಕೊಂಡರೆ ಅಪರಾಧ. ಕಂಪನಿ ಹೋಗಿ ರಾಣಿಯ ಸರಕಾರ ಬಂದರೂ ಉಪ್ಪಿನ ಮೇಲಿನ ಹಿಡಿತ ಸಡಿಲಲಿಲ್ಲ. 1930ರಲ್ಲಿ ನಮ್ಮ ಅಂಕೋಲೆಯ ಜನ ಕಡಲ ದಂಡೆಗೆ ಹೋಗಿ ಉಪ್ಪು ಮಾಡಿ ಜೈಲಿಗೆ ನಡೆದದ್ದು ಇದೇ ಹಿಡಿತದ ವಿರುದ್ಧ. ಉತ್ತರ ಕನ್ನಡದಿಂದ ಬಂದ ನಮ್ಮ ಸದಸ್ಯರಲ್ಲಿ ಈ ಕಥೆಯನ್ನು ಮನೆಯಲ್ಲೇ ಕೇಳಿ ಬೆಳೆದವರಿದ್ದಾರೆ.

ಹೊಟ್ಟೆಪಾಡು ಎಂಬುದೊಂದಿದೆ, ಅದನ್ನು ಮರೆತು ಮಾತಾಡಬೇಡಿ ಎಂದು ನನಗೆ ನಾನೇ ಹೇಳಿಕೊಂಡೆ. ನಾನೂ ಮೂವತ್ತೊಂದು ವರ್ಷ ಈ ಊರಿನ ಕಚೇರಿಯೊಂದರ ಉಪ್ಪು ತಿಂದವನು. ಅಲ್ಲಿ ಕಂಡದ್ದನ್ನೆಲ್ಲ ಬರೆದವನಲ್ಲ. ಪೀಕಾಕನಿಗೆ ಹೆಂಡತಿ ಮಕ್ಕಳಿದ್ದರು. ಕಾದಂಬರಿಯಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಕಂಪನಿಯ ಕಚೇರಿಯಲ್ಲಿ ದಿನ ಕಳೆಯುವ ಬಗೆಯನ್ನು ಗೇಲಿ ಮಾಡಿದ ಪುಟ್ಟ ಪದ್ಯವೊಂದು ಅವನ ಹೆಸರಿನಲ್ಲಿ ಉಳಿದಿದೆ; ಅದರ ಗುರಿ ಗುಮಾಸ್ತರ ಸೋಮಾರಿತನ ಮಾತ್ರ. ಅವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಪುಸ್ತಕಗಳನ್ನು ಕಪಾಟಿನಿಂದ ತೆಗೆದುಹಾಕಿ ಎಂದೂ ನಾನು ಹೇಳುತ್ತಿಲ್ಲ. ನನ್ನ ಪ್ರತಿಗಳ ಬೆನ್ನು ಓದಿ ಓದಿ ಬಿಟ್ಟುಹೋಗಿದೆ. ಹಿರಿಯರ ಗಾದೆಯನ್ನು ಚಾಚೂ ತಪ್ಪದೆ ಪಾಲಿಸಿದರೆ ಏನಾಗುತ್ತದೆಂಬುದಕ್ಕೆ ಇವನೇ ಉದಾಹರಣೆ, ಅಷ್ಟೆ. ಯಾವ ಮನೆಯ ಉಪ್ಪನ್ನು ಮೂವತ್ತೇಳು ವರ್ಷ ಉಂಡನೋ ಆ ಮನೆಯ ಜಂತೆಯನ್ನು ಅವನು ಎಣಿಸಲಿಲ್ಲ. ಎಣಿಸಿದ್ದರೆ, ಕಂಪನಿಯೊಳಗೇ ಕುಳಿತು ಕಂಪನಿಯನ್ನು ನಕ್ಕ ಒಂದು ಪುಸ್ತಕ ಇಂಗ್ಲಿಷಿಗೂ ನಮಗೂ ಸಿಕ್ಕುತ್ತಿತ್ತು. ಅದನ್ನು ಬರೆಯಬಲ್ಲ ಲೇಖಣಿ ಆ ಕಾಲಕ್ಕೆ ಆ ಕಟ್ಟಡದಲ್ಲಿ ಅವನೊಬ್ಬನ ಕೈಯಲ್ಲಿತ್ತು.

ಆದ್ದರಿಂದ, ಹಿರಿಯರೇ, ಗಾದೆಯನ್ನು ನೀವು ತಪ್ಪಾದ ಕಡೆ ಪ್ರಯೋಗಿಸಿದಿರಿ. ಶೆಲ್ಲಿಯನ್ನು ಗೇಲಿ ಮಾಡಿದ ಪೀಕಾಕನಿಗೆ ಅದು ಅನ್ವಯಿಸುವುದಿಲ್ಲ. ಉಪ್ಪಿನ ಸಮಿತಿಯ ಮುಂದೆ ನಿಂತ ಪೀಕಾಕನಿಗೆ ಪೂರ್ತಿ ಅನ್ವಯಿಸುತ್ತದೆ, ಅದೂ ಹೊಗಳಿಕೆಯಾಗಿ.

ಇನ್ನು ನಮ್ಮ ತರುಣ ಲೇಖಕನ ವಿಷಯ. ಅವನ ಬರಹದ ಪ್ರತಿಯೊಂದು ನನ್ನ ಬಳಿ ಇದೆ. ಎಂಟು ಪುಟ. ದಾನಿಗಳ ಸುದ್ದಿ ಅದರಲ್ಲಿ ಮೂರೇ ಸಾಲು: ಅವರು ಮಾಲೆಯನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟದ್ದು, ಮತ್ತೆ ಫೋಟೋದವನು ಬಂದಾಗ ಹಾಕಿಕೊಂಡದ್ದು. ಉಳಿದ ಏಳೂಮುಕ್ಕಾಲು ಪುಟ ಪೂರ್ತಿ ನಮ್ಮ ಬಗ್ಗೆ. ಭಾಷಣದ ಮಧ್ಯೆ ಎದ್ದು ಊಟದ ಸಾಲಿಗೆ ಹೋಗಿ ನಿಂತವರ ಬಗ್ಗೆ, ಹೋಳಿಗೆ ಎರಡನೆಯ ಸಲ ಕೇಳಲು ಮಗುವನ್ನು ಕಳಿಸಿದವರ ಬಗ್ಗೆ, ಕನ್ನಡ ಉಳಿಸಬೇಕೆಂದು ವೇದಿಕೆಯ ಮೇಲೆ ಗುಡುಗಿ ಕೆಳಗಿಳಿದು ಮೊಮ್ಮಗನನ್ನು ಇಂಗ್ಲಿಷಿನಲ್ಲಿ ಗದರಿಸಿದವರ ಬಗ್ಗೆ. ಈ ಕೊನೆಯವನು ನಾನೇ. ಕೊನೆಯ ಪುಟದಲ್ಲಿ ಆ ರಾತ್ರಿ ಎಲ್ಲರೂ ಹೋದಮೇಲೆ ಪಾತ್ರೆ ತೊಳೆದ ಇಬ್ಬರು ಹುಡುಗರೂ ಬರುತ್ತಾರೆ. ಅವರ ಊರು ಯಾವುದೆಂದೂ ಬರೆದಿದ್ದಾನೆ. ಸಂಪಾದಕರು ಕೇಳಿದರೆ ಪ್ರತಿಯನ್ನು ನಾಳೆಯೇ ತಂದುಕೊಡುತ್ತೇನೆ. ಮುಂದಿನ ಸಂಚಿಕೆಯಲ್ಲಿ ಜಾಗವಿಲ್ಲವೆಂದಾದರೆ ನನ್ನ ಈ ಲೇಖನವನ್ನು ತಡೆದು ಅದನ್ನು ಹಾಕಿ.